ಎಚ್ಚರದಲ್ಲಿ ಬಾರದ ಮಾತು

ಮಾತಿಲ್ಲದೆ ಯೋಚನೆಯಿಲ್ಲ, ಬಾರದ ಭಾಷೆಯಲ್ಲಿ ಕನಸೂ ಬೀಳುವುದಿಲ್ಲ ಎಂದು ಗಟ್ಟಿಯಾಗಿ ನಂಬಿದ್ದವನು ನಾನು. ಯಾರಾದರೂ ಬೇರೆ ಹೇಳಿದರೆ ನಕ್ಕುಬಿಡುತ್ತಿದ್ದೆ. ಈಗ ನೀವು ನಗಬಹುದು, ನನಗೇನೂ ಬೇಸರವಿಲ್ಲ.

ಐವತ್ತರ ದಶಕದ ಕೊನೆಯಲ್ಲಿ ಪಾವಗಡದ ಆಚೆಯ ಒಂದು ಹಳ್ಳಿಗೆ ಮೇಷ್ಟರಾಗಿ ಹೋದೆ. ಬೆಳೆದದ್ದು ಕೊರಟಗೆರೆಯಲ್ಲಿ. ತಾಯಿ ತೆಲುಗು ಸೀಮೆಯವಳಂತೆ. ನಾನು ಏಳು ತಿಂಗಳ ಕೂಸಾಗಿದ್ದಾಗಲೇ ತೀರಿಕೊಂಡಳು. ಅವಳದೊಂದು ಪಟವೂ ಮನೆಯಲ್ಲಿರಲಿಲ್ಲ. ಅಪ್ಪ ಅವಳ ಮಾತೇ ಎತ್ತುತ್ತಿರಲಿಲ್ಲ. ಬುದ್ಧಿ ಬಂದ ಮೇಲೆ ತೆಲುಗು ನನ್ನ ಕಿವಿಗೆ ಬಿದ್ದದ್ದು ಆ ಹಳ್ಳಿಯಲ್ಲೇ. ಅಲ್ಲಿ ಎಲ್ಲರ ಮನೆಮಾತೂ ಅದೇ. ನಾನೋ, ಶಾಲೆಯಲ್ಲಿ ತೆಲುಗು ಆಡಿದವರನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ. ಹೀಗಾಗಿ ಸಂಜೆ ನನ್ನ ಜೊತೆ ಮಾತಾಡುವವರೇ ಇರಲಿಲ್ಲ. ತಪ್ಪು ನನ್ನದೇ.

ಹೋಗಿ ಹದಿನೈದು ದಿನವಾಗಿತ್ತು. ಒಂದು ಭಾನುವಾರ ಮಧ್ಯಾಹ್ನ ಬಾಡಿಗೆ ಕೋಣೆಯಲ್ಲಿ ಮಲಗಿದ್ದೆ. ಕನಸಿನಲ್ಲಿ ಕತ್ತಲು. ಹತ್ತಿರದಲ್ಲೇ ಒಬ್ಬ ಹೆಂಗಸು. ನಾನು ಏನೋ ಕೇಳಿದೆ, ಅವಳು ಸಾವಕಾಶವಾಗಿ ಉತ್ತರ ಹೇಳಿದಳು. ಅವಳ ಮಾತು ಪೂರ್ತಿ ಅರ್ಥವಾಯಿತು. ಅಂಥ ನೆಮ್ಮದಿ ಅದಕ್ಕೆ ಮೊದಲು ನನಗೆ ಗೊತ್ತಿರಲಿಲ್ಲ.

ಕಣ್ಣು ಬಿಟ್ಟರೆ ಮನೆಯೊಡತಿ, ಮುದುಕಿ ನರಸಮ್ಮ, ಬಾಗಿಲಲ್ಲಿ ನಿಂತಿದ್ದಳು.

"ತೆಲುಗು ಬರಾಕಿಲ್ಲ ಅಂತ ಜಂಬ ಕೊಚ್ಕತಿದ್ರಲ್ಲ ಮೇಷ್ಟ್ರೇ, ನಿದ್ದೇಲಿ ಹೆಂಗೆ ಬಂತು?"

"ನಾನಾ? ಏನಂದೆ?"

"'ಅಮ್ಮಾ, ದೀಪಂ ಪೆಟ್ಟು, ನೀ ಮೊಗಂ ಕನಪಡಲ್ಯಾ' ಅಂದ್ರಿ. ದೀಪ ಹಚ್ಚಮ್ಮ, ನಿನ್ನ ಮಕ ಕಾಣಾಕಿಲ್ಲ ಅಂತ. ನಮ್ಮ ಮಕ್ಳು ಕೇಳ್ದಂಗೇ ಕೇಳಿದ್ರಿ ಕಣಪ್ಪ."

"ಅವಳು ಏನಂದಳು?" ಎಂದುಬಿಟ್ಟೆ.

ನರಸಮ್ಮ ನನ್ನ ಮುಖವನ್ನೇ ನೋಡಿ, "ಅದು ನಂಗೆ ಹೆಂಗಪ್ಪ ಕೇಳ್ತದೆ?" ಎಂದಳು.

ನನ್ನಲ್ಲೂ ಅದು ಉಳಿದಿರಲಿಲ್ಲ. ಅರ್ಥವಾಗಿತ್ತು ಎಂಬುದಷ್ಟೇ ನೆನಪು. ಏನು ಅರ್ಥವಾಗಿತ್ತು ಎಂಬುದು ಹೋಗಿಬಿಟ್ಟಿತ್ತು. ನರಸಮ್ಮ ಆಚೆ ಹೋದ ಮೇಲೆ ಮುಸುಕು ಹಾಕಿಕೊಂಡು ಅತ್ತುಬಿಟ್ಟೆ.

ಮಕ್ಕಳು ಆಡಿದ್ದು ತಲೆಯಲ್ಲಿ ಕೂತಿರಬೇಕು ಎಂದು ಗೆಳೆಯರು ಹೇಳುತ್ತಾರೆ. ಇರಬಹುದು. ಹದಿನೈದು ದಿನದಲ್ಲಿ ನಾಲ್ಕು ಮಾತು ಕೂತೀತು. ಆದರೆ ನೆನಪಿನಲ್ಲೇ ಇಲ್ಲದ ಆ ದನಿ ಎಲ್ಲಿಂದ ಬಂತು? ಬಾರದ ಭಾಷೆ ಅರ್ಥವಾದದ್ದು ಹೇಗೆ? ಆ ಊರಿನಲ್ಲಿ ಆರು ವರ್ಷ ಇದ್ದೆ. ಅವಳು ಮತ್ತೆ ಕನಸಿಗೆ ಬಂದರೆ ಒಂದು ಮಾತೂ ಬಿಡಬಾರದೆಂದು ಮಕ್ಕಳ ಹತ್ತಿರವೇ ತೆಲುಗು ಕಲಿತೆ. ಈಗ ಆ ಭಾಷೆಯಲ್ಲಿ ಜಗಳವನ್ನೂ ಆಡಬಲ್ಲೆ. ಅವಳು ಮಾತ್ರ ಬರಲಿಲ್ಲ. ಅಂದು ಅವಳು ದೀಪ ಹಚ್ಚುತ್ತೇನೆ ಅಂದಳೋ, ಬೇಡ ಮಗ ಅಂದಳೋ, ನನಗೆ ಇಂದಿಗೂ ಗೊತ್ತಿಲ್ಲ.