ಪೆಂಕಾ ಓಡಿಸಿದ ಕೆಂಪು ಕಾರು

ಪೆಂಕಾಳಿಗೂ ಗ್ರೋಜ್ದಾನನಿಗೂ ಮದುವೆಯಾಗಿರಲಿಲ್ಲ. ಹತ್ತೊಂಬತ್ತು ವರ್ಷ ಒಂದೇ ಒಲೆಯ ಮುಂದೆ ಉಂಡರು, ಒಂದೇ ದ್ರಾಕ್ಷಿ ತೋಟ ಗೇಯ್ದರು. "ಪಂಚಾಯ್ತಿಗೆ ಹೋಗಿ ಒಂದು ಸಹಿ ಹಾಕಿ ಬರೋಣ" ಅಂತ ಅವಳು ಅಂದಾಗಲೆಲ್ಲ ಅವನು ಮೀಸೆಯಡಿ ನಗುತ್ತಿದ್ದ. "ಯಾಕೆ, ಓಡಿಹೋಗ್ತೀನಿ ಅಂತ ಭಯಾನಾ? ದ್ರಾಕ್ಷಿ ಕೊಯ್ಲು ಮುಗೀಲಿ ಇರು." ಬಲ್ಗೇರಿಯಾದ ನಮ್ಮ ಬೆಟ್ಟದ ಸೀಮೆಯಲ್ಲಿ ದ್ರಾಕ್ಷಿ ಮುಗಿದರೆ ಹಂದಿ ಕಡಿಯುವ ಕಾಲ, ಅದು ಮುಗಿದರೆ ಹಿಮ. ಹಾಗೇ ವರ್ಷಗಳು ಉರುಳಿದವು.

ಮನೆ ಪೆಂಕಾಳದ್ದು, ಅವಳ ಅಪ್ಪ ಬಿಟ್ಟುಹೋದದ್ದು. ಗ್ರೋಜ್ದಾನನ ಹೆಸರಲ್ಲಿದ್ದದ್ದು ಒಂದು ಕೆಂಪು ಲಾಡಾ ಕಾರು, ಅಷ್ಟೇ. ಅದನ್ನು ಕೊಳ್ಳಲು ಪೆಂಕಾ ತನ್ನ ಎರಡೂ ಹಸು ಮಾರಿದ್ದು ಬೀದಿಗೆಲ್ಲ ಗೊತ್ತು. ಪಕ್ಕದ ಮನೆಯವಳು ನಾನು. ಆವತ್ತು ಆ ಹಸುಗಳಿಗೆ ನೀರು ಕುಡಿಸಿ ಕಳಿಸಿದವಳೇ ನಾನು.

ಅವನಿಗೆ ಗಂಟಲ ಕ್ಯಾನ್ಸರ್ ಬಂದಾಗ, ಅರವತ್ತರ ಹತ್ತಿರ ಬಂದಿದ್ದ ಪೆಂಕಾ ಡ್ರೈವಿಂಗ್ ಕಲಿತಳು. ಮೊದಲು ಬೀಳಿಸಿದ್ದು ನಮ್ಮ ಬೇಲಿಯನ್ನೇ. ಅವನು ಪಕ್ಕದ ಸೀಟಿನಲ್ಲಿ ಕೂತು, ಇದ್ದಷ್ಟು ದನಿಯಲ್ಲಿ ಪಿಸುಗುಡುತ್ತಿದ್ದ: "ಅದು ಕ್ಲಚ್ಚು ಕಣೇ, ಹೊಲಿಗೆ ಮಷೀನಲ್ಲ." ಒಂದು ಚಳಿಗಾಲವಿಡೀ ಪ್ಲೋವ್ದಿವ್‌ನ ಆಸ್ಪತ್ರೆಗೆ ಕರೆದೊಯ್ದಳು, ಕರೆತಂದಳು. ಹಿಮ ಕರಗುವ ಹೊತ್ತಿಗೆ ಅವನು ತೀರಿಕೊಂಡ.

ಅವನ ತಂಗಿ ಮಿಂಚಾ ಇರುವುದು ಕೆಳಗಿನ ಹಳ್ಳಿಯಲ್ಲಿ. ಅಣ್ಣ ಹಾಸಿಗೆ ಹಿಡಿದಾಗ ಒಂದು ಸಲವೂ ಇಣುಕಲಿಲ್ಲ. ಸತ್ತ ದಿನ ಮಾತ್ರ ಎಲ್ಲರಿಗಿಂತ ಮೊದಲು ಬಂದಳು. ಗೇಟಿಗೆ ಅಂಟಿಸುವ ಸಾವಿನ ಸುದ್ದಿಯ ಕಾಗದವನ್ನು ತಾನೇ ಅಚ್ಚು ಹಾಕಿಸಿದಳು. ಮೇಲೆ ಗ್ರೋಜ್ದಾನನ ಫೋಟೊ, ಕೆಳಗೆ ದುಃಖತಪ್ತ ತಂಗಿಯ ಹೆಸರು. ಪೆಂಕಾಳ ಹೆಸರೇ ಇಲ್ಲ. ಅದನ್ನು ಪೆಂಕಾಳದೇ ಗೇಟಿಗೆ, ಪೆಂಕಾ ಕಾಯಿಸಿಕೊಟ್ಟ ಮೈದಾ ಅಂಟಿನಲ್ಲೇ ಅಂಟಿಸಿದಳು.

ಸತ್ತವನ ಹೆಸರಿನಲ್ಲಿ ಕಾರು ಎಷ್ಟು ದಿನ ಓಡೀತು? ಪಂಚಾಯ್ತಿಯವರು ಕೈಚೆಲ್ಲಿದರು: ಕಾನೂನಿಗೆ ವಾರಸುದಾರಳು ತಂಗಿ ಒಬ್ಬಳೇ, ಅವಳು ಒಪ್ಪಿ ಕೊಟ್ಟರೆ ಉಂಟು. ಸತ್ತ ನಲವತ್ತನೆಯ ದಿನ, ತಿಥಿಗೆಂದು ಬೇಯಿಸಿದ ಗೋಧಿ ಹಂಚುವಾಗ ಪೆಂಕಾ ನಾಚಿಕೆ ಬಿಟ್ಟು ಮಿಂಚಾಳನ್ನು ಕೇಳಿದಳು.

"ಅದಕ್ಕೇನಂತೆ ಅತ್ತಿಗೆ" ಅಂದಳು ಮಿಂಚಾ. "ಗುರುವಾರ ಹೋಗಿ ಹೆಸರು ಬದಲಾಯಿಸಿಬಿಡೋಣ. ಕಾರನ್ನೂ ತರಬೇಕಂತೆ. ನೀವೇ ಓಡಿಸಿ, ನನಗೆಲ್ಲಿ ಬರುತ್ತೆ?"

ಪೆಂಕಾ ಕಣ್ಣೊರೆಸಿಕೊಂಡು ನನ್ನ ಹತ್ತಿರ ಬಂದಳು. "ಅತ್ತಿಗೆ ಅಂದಳು ಕಣೇ. ಇಷ್ಟು ವರ್ಷದಲ್ಲಿ ಇದೇ ಮೊದಲು."

ಗುರುವಾರ ಚೀಸ್ ತುಂಬಿದ ಬಾನಿತ್ಸಾ ರೊಟ್ಟಿ ಸುಟ್ಟಳು, ಒಳ್ಳೆಯ ಕೋಟು ತೊಟ್ಟಳು, ಕಾರು ತೊಳೆದಳು. ಮುಂದೆ ನಡೆದದ್ದನ್ನು ಅವಳೇ ನನಗೆ ಹೇಳಿದ್ದು. ನೋಟರಿಯ ಹತ್ತಿರ ಮಿಂಚಾ ಒಬ್ಬಳೇ ಒಳಗೆ ಹೋಗಿಬಂದಳು. ಆಮೇಲೆ ಕಾರುಗಳ ಹೆಸರು ಬದಲಾಯಿಸಿಕೊಡುವ ಸಂಚಾರಿ ಪೊಲೀಸರ ಅಂಗಳ. ಕೊಳೆ ಕಟ್ಟಿದ್ದ ಎಂಜಿನ್ ನಂಬರನ್ನು ಪೆಂಕಾ ತನ್ನ ಕರವಸ್ತ್ರದಿಂದ ಉಜ್ಜಿ ತೋರಿಸಿದಳು.

"ಯಾರ ಹೆಸರಿಗೆ?" ಪೊಲೀಸಿನವನು ಕೇಳಿದ.

ಪೆಂಕಾ ತನ್ನ ಗುರುತಿನ ಚೀಟಿ ಚಾಚಿದಳು. ಮಿಂಚಾ ಆ ಕೈಯನ್ನು ಪಕ್ಕಕ್ಕೆ ಸರಿಸಿದಳು. "ನನ್ನ ಹೆಸರಿಗೆ."

"ಮತ್ತೆ ಈಯಮ್ಮ ಯಾರು?"

"ಡ್ರೈವರ್ರು."

ಹಿಂದೆ ನಿಂತಿದ್ದವರು ಯಾರೋ ನಕ್ಕರು.

ಅಲ್ಲೇ ಕಾರು ಬಿಟ್ಟು ಬಸ್ಸು ಹತ್ತಬಾರದಿತ್ತೇ ಎಂದು ನಾನು ಬೈದೆ. "ಕಾಲು ತಾನಾಗಿ ಕ್ಲಚ್ಚಿನ ಮೇಲೆ ಹೋಯ್ತು" ಅಂದಳು. ದಾರಿಯುದ್ದಕ್ಕೂ ಮಿಂಚಾ ಬಾನಿತ್ಸಾ ತಿಂದಳಂತೆ, ಉಪ್ಪು ಸಾಲದು ಅಂದಳಂತೆ. ತನ್ನ ಅಂಗಳಕ್ಕೆ ಬಂದೊಡನೆ ಬೀಗದ ಕೈಗಾಗಿ ಕೈಯೊಡ್ಡಿದಳು.

"ಮಿಂಚಾ, ಹಸು ಮಾರಿದ್ದು ನಾನು."

"ಹಸು ನಿಂದು, ಕಾರು ನಮ್ಮಣ್ಣಂದು. ಇಟ್ಕೊಂಡವಳಿಗೆ ಪಾಲು ಎಲ್ಲಿಂದ? ಇನ್ನೂ ಬೆಳಕಿದೆ, ನಡ್ಕೊಂಡು ಹೋಗು."

ಮಿಂಚಾ ಆ ಕಾರನ್ನು ಒಂದು ಗಜವೂ ಓಡಿಸಲಿಲ್ಲ. ಬೇಸಿಗೆಯೆಲ್ಲ ಅವಳ ಅಂಗಳದಲ್ಲಿ ನಿಂತು ಅದರ ಬಣ್ಣ ಬಿಸಿಲಿಗೆ ಬಿರುಕು ಬಿಟ್ಟಿತು, ಟೈರುಗಳು ಕುಸಿದವು. ನೋಡಲಾರದೆ ಪೆಂಕಾ ತನ್ನ ತೋಟದ ಒಂದು ತುಂಡು ಮಾರಿ, ಮಾನ ಬಿಟ್ಟು ಕೇಳಲು ಹೋದಳು: ನೀನು ಹೇಳಿದಷ್ಟು ಕೊಡ್ತೀನಿ, ನನಗೇ ಮಾರು. "ನಾಳೆ ಬಾ, ಹೇಳ್ತೀನಿ" ಅಂದಳು ಮಿಂಚಾ.

ಮರುದಿನ ಪೆಂಕಾ ಹೋದಾಗ ಗುಜರಿಯವರು ಬಂದಿದ್ದರು. ಬಾಗಿಲುಗಳನ್ನು ಆಗಲೇ ಕಿತ್ತಿದ್ದರು, ಚಾವಣಿಯನ್ನು ಗ್ಯಾಸ್ ಬೆಂಕಿಯಲ್ಲಿ ಕತ್ತರಿಸುತ್ತಿದ್ದರು. ಮಿಂಚಾ ಅವರಿಗೆ ಹಣ್ಣಿನ ಸಾರಾಯಿ ರಾಕಿಯಾ ಸುರಿಯುತ್ತ ಇವಳಿಗೂ ಒಂದು ಲೋಟ ಹಿಡಿದಳು. "ಬಾ, ನೀನೂ ಕುಡಿ. ನಮ್ಮಣ್ಣನ ಆತ್ಮಕ್ಕೆ."

"ಅವಳಿಗೇ ಕೊಟ್ಟಿದ್ರೆ ಹೆಚ್ಚು ಸಿಗ್ತಿತ್ತಲ್ಲೇ?" ಎಂದು ಆ ಊರಿನವರು ಆಮೇಲೆ ಮಿಂಚಾಳನ್ನು ಕೇಳಿದರು.

"ಸಿಗ್ತಿತ್ತು" ಅಂದಳಂತೆ, ಅಷ್ಟೇ.

ನವೆಂಬರಿನಲ್ಲಿ, ಸತ್ತವರನ್ನು ನೆನೆಯುವ ಶನಿವಾರ, ನಾನು ಪೆಂಕಾಳ ಜೊತೆ ಸ್ಮಶಾನಕ್ಕೆ ಹೋಗಿದ್ದೆ. ಗೋರಿಯ ಮೇಲೆ ಎರೆಯಲು ತಂದ ವೈನ್ ಬಾಟಲಿಯನ್ನು ಕಂಕುಳಲ್ಲೇ ಇಟ್ಟುಕೊಂಡು ಅವಳು ನಿಂತಳು.

"ಅವಳು ಕೆಟ್ಟವಳು, ಅದು ಮೊದಲೇ ಗೊತ್ತಿತ್ತು" ಅಂದಳು ಗೋರಿಗೆ. "ನೀನು ಒಳ್ಳೆಯವನು ಅಂದ್ಕೊಂಡಿದ್ದೆನಲ್ಲೋ."

"ಸತ್ತವರನ್ನು ಬೈಬಾರದು ಕಣೇ" ಅಂದೆ.

"ಬದುಕಿದ್ದಾಗ ಬೈಯಬೇಕಿತ್ತು."

ಮುಚ್ಚಳ ತೆಗೆದು, ಒಂದು ಹನಿಯೂ ಮಣ್ಣಿಗೆ ಬೀಳಿಸದೆ, ಅಷ್ಟನ್ನೂ ತಾನೇ ಕುಡಿದಳು. ಮೇಣದಬತ್ತಿ ಹಚ್ಚದೆ ಬೆಟ್ಟ ಇಳಿದಳು. ಆಮೇಲೆ ಆ ಕಡೆ ಹೋಗಿಲ್ಲ. ಅವನ ಗೋರಿಯ ಮೇಲೆ ಈಗ ಮುಳ್ಳು ಬೆಳೆದಿದೆ. ನಾನೂ ಕೀಳುವುದಿಲ್ಲ.