ಬೆಳಿಗ್ಗೆ ಸ್ಟಾರ್ಟ್ ಆಗದ ಆಸ್ಪತ್ರೆ ಗಾಡಿ

ಅರವತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಒಂದು ಸೇವಾ ಸಂಘದ ಆಸ್ಪತ್ರೆ ಗಾಡಿಯಲ್ಲಿ ನರ್ಸಾಗಿದ್ದೆ. ಲಾರಿ ಚಾಸಿಸ್ ಮೇಲೆ ಕಟ್ಟಿದ ಉದ್ದನೆಯ ಗಾಡಿ ಅದು. ಒಳಗೆ ಎರಡು ಮಂಚ, ನೀರಿನ ತೊಟ್ಟಿ, ಕೈತೊಳೆಯುವ ಬೇಸಿನ್, ಔಷಧಿಯ ಕಪಾಟು, ಎರಡು ದೀಪ, ಒಂದು ಫ್ಯಾನು. ಹಗಲು ಅದು ಆಸ್ಪತ್ರೆ, ರಾತ್ರಿ ನನಗೂ ಡಾಕ್ಟರಮ್ಮನಿಗೂ ಮನೆ. ಡ್ರೈವರಣ್ಣ ಮುಂದಿನ ಕ್ಯಾಬಿನ್ನಿನಲ್ಲಿ ಮಲಗುತ್ತಿದ್ದ. ಯಲಹಂಕದಿಂದಾಚೆ ಒಂದೊಂದು ಹಳ್ಳಿಯ ತೋಪಿನಲ್ಲಿ ಕೆಲವು ದಿನ ನಿಲ್ಲುವುದು, ಅಲ್ಲಿಂದ ಮುಂದಿನ ಹಳ್ಳಿಗೆ ಹೋಗುವುದು, ಇದೇ ನಮ್ಮ ಕೆಲಸ.

ಆ ಗಾಡಿಯ ಬ್ಯಾಟರಿ ನಮ್ಮ ಮಾನ ಕಳೆಯುತ್ತಿತ್ತು. ಓಡಾಡಿದ ದಿನ ಹೇಗೋ ನಡೆಯುತ್ತಿತ್ತು. ಒಂದು ಕಡೆ ನಿಂತರೆ ಮುಗಿಯಿತು, ಮರುದಿನ ಬೆಳಿಗ್ಗೆ ಡ್ರೈವರಣ್ಣ ಸ್ಟಾರ್ಟರ್ ಒತ್ತಿದರೆ ಕಟ್ ಎಂದು ಒಂದು ಸದ್ದು, ಅಷ್ಟೇ. ಡೀಸೆಲ್ ಎಂಜಿನ್ನು, ಹ್ಯಾಂಡಲ್ ತಿರುಗಿಸಿ ಎಬ್ಬಿಸುವಂಥದ್ದಲ್ಲ. ಔಷಧಿಗೆಂದು ಬಂದ ರೋಗಿಗಳ ಮನೆಯವರೇ ಹಿಂದೆ ನಿಂತು ನೂಕಬೇಕಾಗಿತ್ತು. ಕೆಮ್ಮುವವರು ಕೂಡ ನೂಕಿದ್ದನ್ನು ನಾನು ನೋಡಿದ್ದೇನೆ. ನಾಚಿಕೆಯಿಂದ ನನಗೆ ತಲೆ ಎತ್ತಲು ಆಗುತ್ತಿರಲಿಲ್ಲ.

ಡಾಕ್ಟರಮ್ಮ ಮೈಸೂರಿನ ಕಡೆಯವರು. ಕೆಲಸದಲ್ಲಿ ಬಹಳ ಚುರುಕು, ಮಾತಿನಲ್ಲಿ ಅದಕ್ಕಿಂತ ಚುರುಕು. ಬ್ಯಾಟರಿ ಸಾಯುವುದಕ್ಕೆ ಡ್ರೈವರಣ್ಣನೇ ಕಾರಣ ಎಂದು ಅವರು ಮೊದಲ ವಾರದಲ್ಲೇ ತೀರ್ಮಾನಿಸಿಬಿಟ್ಟಿದ್ದರು.

"ನಾವು ಮಲಗಿದ ಮೇಲೆ ಕ್ಯಾಬಿನ್ನಿನಲ್ಲಿ ದೀಪ ಹಾಕ್ಕೊಂಡು ಇಸ್ಪೀಟ್ ಆಡ್ತೀರಿ. ಇನ್ನೇನು ಮತ್ತೆ? ಬ್ಯಾಟರಿ ತಾನಾಗೇ ಖಾಲಿ ಆಗುತ್ತಾ?"

"ನಾನು ಇಸ್ಪೀಟ್ ಎಲೆ ಮುಟ್ಟಿದೋನೇ ಅಲ್ಲ ಡಾಕ್ಟರಮ್ಮ. ಕತ್ತಲಾದ್ರೆ ಮನಿಕ್ಕೊಂತೀನಿ. ಬೇಕಾದ್ರೆ ಈ ನರ್ಸಮ್ಮನ್ನ ಕೇಳಿ."

ನಾನು ಹೇಳಿದೆ. ಒಂದಲ್ಲ, ಹಲವು ಸಲ ಹೇಳಿದೆ. ಕ್ಯಾಬಿನ್ನಿನಲ್ಲಿ ದೀಪ ಉರಿದದ್ದನ್ನು ನಾನೊಮ್ಮೆಯೂ ನೋಡಿರಲಿಲ್ಲ. ಡಾಕ್ಟರಮ್ಮ ನನ್ನ ಮುಖ ನೋಡಿ, "ನಿಮಗೆ ಎಲ್ಲರ ಮೇಲೂ ಕನಿಕರ ಸಿಸ್ಟರ್," ಎನ್ನುತ್ತಿದ್ದರು. ಆಮೇಲೆ ಸಂಜೆಯ ಹೊತ್ತು ದೀಪ ಹಾಕುವುದನ್ನೇ ಬಿಟ್ಟೆವು. ಲಾಂದ್ರದ ಬೆಳಕಿನಲ್ಲಿ ಸೂಜಿ ಕುದಿಸಿದೆವು. ಫ್ಯಾನಿನ ಗುಂಡಿ ಮುಟ್ಟಲಿಲ್ಲ. ಆದರೂ ಬೆಳಿಗ್ಗೆ ಅದೇ ಕಟ್ ಸದ್ದು.

ಹುಣಸಮಾರನಹಳ್ಳಿಯ ತೋಪಿನಲ್ಲಿ ನಿಂತಿದ್ದಾಗ ಮಳೆ ಹಿಡಿಯಿತು. ಎರಡನೆಯ ದಿನ ಬೆಳಿಗ್ಗೆ, ಇನ್ನೂ ಗಾಡಿಯ ಬಾಗಿಲು ತೆರೆದಿರಲಿಲ್ಲ, ಒಬ್ಬ ಮುದುಕಿ ಓಡಿಬಂದು ತಗಡನ್ನು ಬಡಿದಳು. ಸೊಸೆಗೆ ಹಿಂದಿನ ಸಂಜೆಯಿಂದ ನೋವು. ನಾನೂ ಡಾಕ್ಟರಮ್ಮನೂ ಅವಳ ಮನೆಗೆ ಹೋದೆವು. ಮಗು ಅಡ್ಡಲಾಗಿತ್ತು, ಕೈ ಮೊದಲು ಬಂದಿತ್ತು. ಆಪರೇಷನ್ ಆಗಬೇಕು, ತಕ್ಷಣ ದೊಡ್ಡ ಆಸ್ಪತ್ರೆಗೆ ಸೇರಿಸಬೇಕು. ಸೊಸೆಯನ್ನು ಕಂಬಳಿಯಲ್ಲಿ ಹೊತ್ತು ತಂದು ಗಾಡಿಯೊಳಗೆ ಮಲಗಿಸಿದೆವು.

ಡ್ರೈವರಣ್ಣ ಸ್ಟಾರ್ಟರ್ ಒತ್ತಿದ. ಕಟ್. ಮತ್ತೆ ಒತ್ತಿದ. ಆ ಸದ್ದೂ ನಿಂತಿತು.

ಊರಿನ ಗಂಡಸರೆಲ್ಲ ಬಂದು ನೂಕಿದರು. ಚಕ್ರ ಕೆಂಪು ಕೆಸರಿನಲ್ಲಿ ಹೂತು ಒಂದಡಿಯೂ ಕದಲಲಿಲ್ಲ. ಡ್ರೈವರಣ್ಣ ಇಳಿದುಬಂದು ತಾನೂ ಹೆಗಲು ಕೊಟ್ಟ, ಜಾರಿ ಮೊಣಕಾಲೂರಿ ಬಿದ್ದ, ಎದ್ದು ಮತ್ತೆ ನೂಕಿದ. ಒಳಗಿನಿಂದ ಆ ಹೆಣ್ಣುಮಗಳ ನರಳಾಟ ಎಲ್ಲರಿಗೂ ಕೇಳುತ್ತಿತ್ತು. ಕೊನೆಗೆ ಎತ್ತಿನ ಗಾಡಿಗೆ ಹುಲ್ಲು ಹಾಸಿ, ಮೇಲೆ ಗೋಣಿ ಹೊದಿಸಿ ದೊಡ್ಡ ರಸ್ತೆಗೆ ಸಾಗಿಸಿದೆವು. ಅಲ್ಲಿ ಕಲ್ಲು ತುಂಬಿದ ಲಾರಿಯೊಂದನ್ನು ಕೈ ಅಡ್ಡ ಹಿಡಿದು ನಿಲ್ಲಿಸಿದೆ. ಡಾಕ್ಟರಮ್ಮ ಅವಳ ಜೊತೆ ಹೋದರು.

ಎತ್ತಿನ ಗಾಡಿ ತೋಪು ದಾಟುವಾಗ ಮುದುಕಿ ತಿರುಗಿ ನಮ್ಮ ಗಾಡಿಯನ್ನು ನೋಡಿದಳು.

"ಆಸ್ಪತ್ರೆನೇ ಮನೆ ಬಾಗಿಲ್ಗೆ ಬಂದು ನಿಂತೈತೆ. ನಮ್ಗೆ ಎತ್ತಿನ ಗಾಡಿನೇ ಗತಿ," ಎಂದಳು. ಬೈಯುವ ದನಿಯಲ್ಲೂ ಅಲ್ಲ, ಸುಮ್ಮನೆ ಅಂದಳು. ಆ ಮಾತು ನನ್ನ ಎದೆಯಲ್ಲಿ ಇವತ್ತಿಗೂ ಉರಿಯುತ್ತದೆ.

ತಾಯಿ ಉಳಿದಳು. ಮಗು ಉಳಿಯಲಿಲ್ಲ.

ಮರುದಿನ ಡಾಕ್ಟರಮ್ಮ ವಾಪಸಾದಾಗ ಮಳೆ ನಿಂತಿತ್ತು, ತೋಪಿನಲ್ಲಿ ಜನ ಸೇರಿದ್ದರು. ಅವರು ನೇರವಾಗಿ ಡ್ರೈವರಣ್ಣನ ಮುಂದೆ ಹೋಗಿ ನಿಂತರು.

"ಆ ಮಗು ಹೋಗಿದ್ದು ನಿಮ್ಮಿಂದ. ಗೊತ್ತಾಯ್ತಾ? ನಿಮ್ಮ ಇಸ್ಪೀಟಿನಿಂದ. ಇನ್ನು ಈ ಗಾಡಿ ಮುಟ್ಟಬೇಡಿ."

"ಡಾಕ್ಟರಮ್ಮ, ಹಾಗನ್ನಬೇಡಿ!" ಎಂದು ನಾನು ಕೂಗಿಯೇ ಬಿಟ್ಟೆ. ಜನ ಗುಸುಗುಸು ಎನ್ನತೊಡಗಿದರು. ಡ್ರೈವರಣ್ಣ ಕ್ಯಾಬಿನ್ನಿನಿಂದ ತನ್ನ ಚಾಪೆ, ಟವೆಲ್ಲು, ತಟ್ಟೆ ತೆಗೆದುಕೊಂಡು ಯಲಹಂಕದ ದಾರಿ ಹಿಡಿದು ನಡೆದುಹೋದ. ಅವನ ಬೆನ್ನು ಕಾಣುವವರೆಗೂ ನಾನು ನಿಂತು ನೋಡಿದೆ.

ಸಂಘದವರು ಹೊಸ ಡ್ರೈವರನ್ನು ಕಳಿಸಿದರು, ಜೊತೆಗೆ ಹೊಸ ಬ್ಯಾಟರಿ. ಹೊಸ ಡ್ರೈವರ್ ರಾತ್ರಿ ಯಲಹಂಕಕ್ಕೆ ಹೋಗಿ ನೆಂಟರ ಮನೆಯಲ್ಲಿ ಮಲಗಿದ. ಕ್ಯಾಬಿನ್ನಿನಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಮರುದಿನ ಬೆಳಿಗ್ಗೆ ಅವನು ಬಂದು ಸ್ಟಾರ್ಟರ್ ಒತ್ತಿದ.

ಕಟ್.

ನನ್ನ ಸಿಟ್ಟು ನೆತ್ತಿಗೇರಿತು. ಬೇಸಿನ್ನಿನ ಹತ್ತಿರ ಹಲ್ಲುಜ್ಜುತ್ತಿದ್ದ ಡಾಕ್ಟರಮ್ಮನ ಹತ್ತಿರ ಹೋಗಿ, "ಈಗ ಯಾರನ್ನ ಓಡಿಸ್ತೀರಿ, ಹೇಳಿ. ನನ್ನನ್ನಾ?" ಎಂದೆ. ಹಾಗೆ ನಾನು ಅವರೊಡನೆ ಎಂದೂ ಮಾತಾಡಿರಲಿಲ್ಲ. ಅವರು ಬಾಯಿ ಮುಕ್ಕಳಿಸಿ, ಹೋಗಿ ಮಂಚದ ಮೇಲೆ ಕುಳಿತರು.

ಆವತ್ತು ಹೊರರೋಗಿಗಳನ್ನು ನೋಡಿ ಮುಗಿಸುವವರೆಗೆ ತಡೆದುಕೊಂಡೆ. ಅಷ್ಟರಲ್ಲಿ ಹೊಸ ಡ್ರೈವರ್ ಬ್ಯಾಟರಿಯನ್ನು ಯಲಹಂಕದ ಅಂಗಡಿಯಲ್ಲಿ ಚಾರ್ಜ್ ಮಾಡಿಸಿ ಮಧ್ಯಾಹ್ನದ ಬಸ್ಸಿನಲ್ಲಿ ತಂದ. ಅವನು ವೈರನ್ನು ಬ್ಯಾಟರಿಯ ತಲೆಗೆ ಮುಟ್ಟಿಸುವಾಗ ಚಿಟ್ ಎಂದು ಕಿಡಿ ಹಾರಿತು.

"ಅದ್ಯಾಕೆ ಕಿಡಿ ಬಂತು?" ಎಂದು ಕೇಳಿದೆ.

"ಏನೋ ಆನ್ ಇರ್ಬೇಕು ಸಿಸ್ಟರ್. ಲೈಟೋ ಫ್ಯಾನೋ. ಎಲ್ಲಾ ಆಫ್ ಇದ್ರೆ ಬರಲ್ಲ."

"ಏನೂ ಆನ್ ಇಲ್ಲ."

"ಹಂಗಾದ್ರೆ ನಂಗೊತ್ತಿಲ್ಲ," ಎಂದು ಅವನು ಬೀಡಿ ಹಚ್ಚಲು ಹೊರಟ. ನಾನು ಬಿಡಲಿಲ್ಲ. ಎರಡೂ ಬಲ್ಬು ಬಿಚ್ಚಿ ಮಡಿಲಿಗೆ ಹಾಕಿಕೊಂಡೆ. ಮತ್ತೆ ಮುಟ್ಟಿಸು ಎಂದೆ. ಕಿಡಿ. ಫ್ಯಾನಿನ ವೈರು ಕಳಚಿಸಿದೆ. ಕಿಡಿ. ಕ್ಯಾಬಿನ್ನಿನ ಬಲ್ಬು ತೆಗೆಸಿದೆ, ಹಾರನ್ನಿನ ವೈರು ತೆಗೆಸಿದೆ. ಕಿಡಿ, ಕಿಡಿ. ಕೊನೆಗೆ ಫ್ಯೂಸುಗಳನ್ನೆಲ್ಲ ಒಂದೊಂದಾಗಿ ಕಿತ್ತು ಔಷಧಿಯ ಟ್ರೇಯಲ್ಲಿ ಇಟ್ಟೆ. ಗಾಡಿಯಲ್ಲಿ ಕರೆಂಟು ಹೋಗುವ ದಾರಿ ಒಂದೂ ಉಳಿದಿರಲಿಲ್ಲ.

ಆದರೂ ಕಿಡಿ ಬಂತು.

"ಫ್ಯೂಸಿಗೆ ಬರ್ದೇ ಯಾವ್ದೋ ವೈರ್ ನೇರವಾಗಿ ಎಳೆದವ್ರೆ," ಎಂದ ಅವನು. ಈಗ ಅವನಿಗೂ ಕುತೂಹಲ. ಬ್ಯಾಟರಿಯ ಬುಡದಲ್ಲಿ ದಪ್ಪ ವೈರಿನ ಕೆಳಗೆ ಇನ್ನೊಂದು ಕಪ್ಪು ವೈರು ಸುತ್ತಿಕೊಂಡಿತ್ತು. ಅದು ಫುಟ್‌ಬೋರ್ಡಿನ ಅಡಿಯಲ್ಲಿ ಹಾದು, ಚಾಸಿಸ್ಸಿನ ಪಕ್ಕ ಹಿಡಿದು, ನೆಲದ ತೂತಿನಿಂದ ಗಾಡಿಯೊಳಗೆ ಹೋಗಿತ್ತು. ಬ್ಯಾಟರಿಯ ವೈರನ್ನು ಬಿಗಿದಿಡಲು ಅವನಿಗೆ ಹೇಳಿ ನಾನು ಒಳಗೆ ಹತ್ತಿ, ಆ ತೂತು ಎಲ್ಲಿ ಬರುತ್ತದೆಂದು ಮೊಣಕಾಲೂರಿ ಹುಡುಕಿದೆ.

ಅದು ಡಾಕ್ಟರಮ್ಮನ ಮಂಚದ ಕೆಳಗಿತ್ತು. ಅಲ್ಲಿ ಬೀಗ ಹಾಕಿದ ಮರದ ಪೆಟ್ಟಿಗೆ.

ಆ ಪೆಟ್ಟಿಗೆಯಲ್ಲಿ ಏನಿದೆ ಎಂದು ನಮಗೆಲ್ಲ ಗೊತ್ತಿತ್ತು. ಗಾಡಿಯ ಉದ್ಘಾಟನೆಯ ದಿನ ದೊಡ್ಡವರು ಭಾಷಣ ಮಾಡಲೆಂದು ಸಂಘದ ಕಾರ್ಯದರ್ಶಿಗಳು ಮೈಕ್‌ಸೆಟ್ ಕೂರಿಸಿದ್ದರು. ಗಾಡಿಯ ನೆತ್ತಿಯ ಮೇಲೆ ಬಾಯಿ ಬಿಟ್ಟುಕೊಂಡ ತಗಡಿನ ಸ್ಪೀಕರ್ ಇನ್ನೂ ಇತ್ತು. ಭಾಷಣ ಮುಗಿದ ಮೇಲೆ ಅವರು ತಾವೇ ಪೆಟ್ಟಿಗೆಗೆ ಬೀಗ ಹಾಕಿ, "ದುಬಾರಿ ಸಾಮಾನು. ನಿಮ್ಮ ಕೈಗೆ ಸಿಕ್ರೆ ಕೆಡಿಸ್ತೀರಿ," ಎಂದು ಕೀ ಜೇಬಿಗೆ ಹಾಕಿಕೊಂಡು ಹೋಗಿದ್ದರು.

ಹಾಸಿಗೆ ಎತ್ತಿ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟೆ. ಬೆಚ್ಚಗಿತ್ತು. ಡಾಕ್ಟರಮ್ಮನನ್ನು ಕರೆದು, "ಕೈ ಇಡಿ," ಎಂದೆ. ಅವರು ಇಟ್ಟರು, ತಕ್ಷಣ ತೆಗೆದರು.

"ಕೆಲವು ರಾತ್ರಿ ಬೆಚ್ಚಗಿರೋದು. ಎಂಜಿನ್ ಬಿಸಿ ಇರಬಹುದು ಅಂದ್ಕೊಂಡಿದ್ದೆ," ಎಂದರು.

"ಎಂಜಿನ್ ಇರೋದು ಮುಂದೆ, ಡಾಕ್ಟರಮ್ಮ."

"ನಾಳೆ ಸಿಟಿಗೆ ಹೋಗಿ ಕೀ ತರೋಣ ಸಿಸ್ಟರ್. ಬೀಗ ಒಡೆದರೆ ರಾದ್ಧಾಂತ ಆಗುತ್ತೆ."

ನಾನು ಕಾಯಲಿಲ್ಲ. ಟೈರ್ ಬಿಚ್ಚುವ ಕಬ್ಬಿಣದ ಕಂಬಿ ತಂದು ಚಿಲಕಕ್ಕೆ ಸಿಕ್ಕಿಸಿ ಮೀಟಿದೆ. ಮೊದಲ ಏಟಿಗೆ ಬಗ್ಗಿತು, ಎರಡನೆಯದಕ್ಕೆ ಮೊಳೆ ಸಮೇತ ಕಿತ್ತುಬಂತು. ಮುಚ್ಚಳ ತೆಗೆದಾಗ ಸುಟ್ಟ ಧೂಳಿನ ವಾಸನೆ ಮುಖಕ್ಕೆ ಹೊಡೆಯಿತು. ಆಂಪ್ಲಿಫೈಯರಿನ ಗಾಜಿನ ವಾಲ್ವುಗಳು ಸಾಲಾಗಿ ಕೆಂಪಗೆ ಉರಿಯುತ್ತಿದ್ದವು. ಸದ್ದಿಲ್ಲ, ಗದ್ದಲವಿಲ್ಲ. ಅದಕ್ಕೆ ಎರಡು ಗುಂಡಿಗಳಿದ್ದವು, ಒಂದು ವಾಲ್ವು ಕಾಯಿಸಲು, ಇನ್ನೊಂದು ದನಿ ಹೊರಡಿಸಲು. ದನಿಯ ಗುಂಡಿ ಆರಿಸಿದ್ದರು. ಕಾಯಿಸುವ ಗುಂಡಿ ಉದ್ಘಾಟನೆಯ ದಿನದಿಂದ ಹಾಗೇ ಇತ್ತು. ಮೈಕಿನ ಪಕ್ಕದಲ್ಲಿ ಭಾಷಣದವರಿಗೆ ಹಾಕಿದ್ದ ಚೆಂಡುಹೂವಿನ ಹಾರ ಒಣಗಿ ಗರಿಗರಿಯಾಗಿ ಬಿದ್ದಿತ್ತು. ಉರಿಯುವ ಆ ಪೆಟ್ಟಿಗೆಯ ಮೇಲೆ ಡಾಕ್ಟರಮ್ಮ ಮಲಗುತ್ತಿದ್ದರು, ಪಕ್ಕದ ಕಪಾಟಿನಲ್ಲಿ ಸ್ಪಿರಿಟ್ ಬಾಟಲಿಗಳಿದ್ದವು.

ಗುಂಡಿ ತಿರುಗಿಸಿದೆ. ಕೆಂಪು ಆರಿತು. ಹೊಸ ಡ್ರೈವರ್ ಹೊರಗೆ ವೈರು ಬಿಚ್ಚಿ ಮತ್ತೆ ಮುಟ್ಟಿಸಿ, "ಕಿಡಿ ಇಲ್ಲ!" ಎಂದು ಕೂಗಿದ. ಡಾಕ್ಟರಮ್ಮ ನೆಲದ ಮೇಲೆ ಕುಸಿದು ಕುಳಿತು ಅತ್ತರು. ನನಗೆ ಅಳು ಬರಲಿಲ್ಲ. ಸಮಾಧಾನ ಹೇಳುವ ಮನಸ್ಸೂ ಬರಲಿಲ್ಲ.

ಮರುದಿನ ಇಬ್ಬರೂ ಯಶವಂತಪುರದಲ್ಲಿದ್ದ ಕಾರ್ಯದರ್ಶಿಗಳ ಮನೆಗೆ ಹೋದೆವು. ಡಾಕ್ಟರಮ್ಮ ನಡೆದದ್ದೆಲ್ಲ ಹೇಳಿದರು. ಕಾರ್ಯದರ್ಶಿಗಳು ಕಾಫಿ ಕುಡಿಯುತ್ತಲೇ ಕೇಳಿಸಿಕೊಂಡು, ಲೋಟ ಕೆಳಗಿಟ್ಟು, "ಬೀಗ ಒಡೆದವರು ಯಾರು?" ಎಂದರು.

"ನಾನು," ಎಂದೆ.

"ಯಾರ ಅಪ್ಪಣೆ ತಗೊಂಡು?"

"ಗುಂಡಿ ಆರಿಸದೆ ಬೀಗ ಹಾಕ್ಕೊಂಡು ಹೋಗೋಕೆ ನೀವು ಯಾರ ಅಪ್ಪಣೆ ತಗೊಂಡಿದ್ರಿ ಸ್ವಾಮಿ? ಒಂದು ಮಗು ಸತ್ತಿದೆ. ಒಬ್ಬ ಮನುಷ್ಯನ ಅನ್ನ ಹೋಗಿದೆ. ನಿಮಗೆ ಬೀಗದ ಚಿಂತೆ."

"ಮಗು ಸಾಯೋದಕ್ಕೆ ನೂರು ಕಾರಣ ಇರುತ್ತೆ ಕಣಮ್ಮ. ಅದನ್ನ ಮೈಕಿನ ತಲೆಗೆ ಕಟ್ಟಬೇಡಿ."

ಡಾಕ್ಟರಮ್ಮ ಎದ್ದು ನಿಂತರು. "ಮೈಕಿನ ತಲೆಗಲ್ಲ," ಎಂದರು. "ನಿಮ್ಮ ತಲೆಗೆ, ನನ್ನ ತಲೆಗೆ. ಆ ಪೆಟ್ಟಿಗೆ ಇವತ್ತೇ ಇಳಿಸ್ತೀನಿ. ಹಳೇ ಡ್ರೈವರನ್ನ ವಾಪಸ್ ಕರೆಸಿ."

ಪೆಟ್ಟಿಗೆ ಇಳಿಯಿತು. ಡ್ರೈವರಣ್ಣನನ್ನು ಮಾತ್ರ ಕಾರ್ಯದರ್ಶಿಗಳು ಕರೆಸಲಿಲ್ಲ. ಹೊಸಬನನ್ನು ತೆಗೆದುಕೊಂಡಾಗಿದೆ, ಇನ್ನೇನು ಮಾಡಲಿಕ್ಕಾಗುತ್ತದೆ ಎಂದುಬಿಟ್ಟರು. ಆಗ ಡಾಕ್ಟರಮ್ಮ ತಾವೇ ಯಲಹಂಕದ ಹಳೇ ಊರಿನಲ್ಲಿದ್ದ ಡ್ರೈವರಣ್ಣನ ಮನೆಗೆ ಹೊರಟರು. ನಾನೂ ಹೋದೆ. ಅವನು ಜಗಲಿಯಲ್ಲಿ ಕುಳಿತಿದ್ದವನು ನಮ್ಮನ್ನು ಕಂಡು ಎದ್ದು, ಒಳಗೆ ಕರೆದು ಚಾಪೆ ಹಾಸಿದ. ಡಾಕ್ಟರಮ್ಮ ಕೂರಲಿಲ್ಲ. ಕೈಮುಗಿದು ಎಲ್ಲವನ್ನೂ ಹೇಳಿ, "ತಪ್ಪು ನನ್ನದು, ಕ್ಷಮಿಸಿ," ಎಂದರು.

ಅವನು ಹೇಳಿದ:

"ಆವತ್ತು ನೀವು ಊರ ಜನದ ಮುಂದೆ ಅಂದ್ರಿ ಡಾಕ್ಟರಮ್ಮ. ಇವತ್ತು ನನ್ ಮನೆ ಒಳಗೆ ಬಂದು ಯೋಳ್ತಾ ಇದ್ದೀರ. ಇಲ್ಲಿ ಕೇಳಿಸ್ಕೊಳ್ಳೋಕೆ ಯಾರವ್ರೆ? ನನ್ ಹೆಂಡ್ರು ಒಬ್ಳು. ಅವ್ಳು ನನ್ನ ಯಾವತ್ತೂ ಅನುಮಾನ ಪಟ್ಟೋಳಲ್ಲ."

ಅವನ ದನಿ ಏರಿರಲಿಲ್ಲ. ಆದರೆ ಅಷ್ಟು ಸಿಟ್ಟನ್ನು ನಾನು ಯಾರ ಮುಖದಲ್ಲೂ ಕಂಡಿಲ್ಲ.

ಮುಂದಿನ ವಾರ ಡಾಕ್ಟರಮ್ಮ ಗಾಡಿಯನ್ನು ಹುಣಸಮಾರನಹಳ್ಳಿಗೆ ಮತ್ತೆ ತಿರುಗಿಸಿದರು. ಡ್ರೈವರಣ್ಣನಿಗೂ ಹೇಳಿ ಕಳಿಸಿದ್ದರು. ಅವನು ಬಸ್ಸಿನಲ್ಲಿ ಬಂದು ತೋಪಿನ ಅಂಚಿನಲ್ಲಿ ನಿಂತ. ಔಷಧಿಗೆ ಜನ ಸೇರಿದ ಮೇಲೆ ಡಾಕ್ಟರಮ್ಮ ಗಾಡಿಯ ಮೆಟ್ಟಿಲ ಮೇಲೆ ನಿಂತು ನಡೆದದ್ದನ್ನು ಒಂದೂ ಬಿಡದೆ ಹೇಳಿದರು. ಕರೆಂಟು ತಿಂದದ್ದು ಯಾವುದು, ಅದು ಯಾರ ಮಂಚದ ಕೆಳಗಿತ್ತು, ಸುಳ್ಳು ಅಪವಾದ ಹೊರಿಸಿದವರು ಯಾರು, ಎಲ್ಲವನ್ನೂ. "ಇವರಲ್ಲಿ ತಪ್ಪಿಲ್ಲ," ಎಂದು ಅವನ ಕಡೆ ಕೈ ತೋರಿಸಿದರು. ಡ್ರೈವರಣ್ಣ ತಲೆ ಆಡಿಸಿದ. ಗಾಡಿಗೆ ಮಾತ್ರ ಮರಳಿ ಬರಲಿಲ್ಲ. ಆಮೇಲೆ ಯಾರದೋ ಇಟ್ಟಿಗೆ ಲಾರಿ ಓಡಿಸುತ್ತಿದ್ದ. ಹೆಬ್ಬಾಳದ ಕೆರೆ ಏರಿಯ ಮೇಲೆ ಎದುರಾದರೆ ನನಗಾಗಿ ಹಾರನ್ ಹೊಡೆಯುತ್ತಿದ್ದ.

ಮುದುಕಿ ಅಂದು ಜನರ ನಡುವೆ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಆಮೇಲೆ ನನ್ನ ಹತ್ತಿರ ಬಂದಳು.

"ಮೈಕಾ?" ಎಂದು ಕೇಳಿದಳು. "ಮೈಕಿಗಾ ತಾಯಿ ನಮ್ ಕೂಸು ಹೋಗಿದ್ದು?"

"ಹೌದಮ್ಮ."

"ಯಾರು ಮಾತಾಡ್ತಿದ್ರು ಅದ್ರಾಗೆ?"

"ಯಾರೂ ಮಾತಾಡ್ತಿರಲಿಲ್ಲ."

ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ, ಸೊಸೆಯ ಮೈಯಲ್ಲಿ ಇನ್ನೂ ರಕ್ತ ಕಡಿಮೆ ಇದೆ, ಕೆಂಪು ಟಾನಿಕ್ ಇದ್ದರೆ ಕೊಡು ಎಂದಳು. ನಾನು ಕಪಾಟಿನಿಂದ ಎರಡು ಬಾಟಲಿ ತೆಗೆದು ಅವಳ ಕೈಗಿಟ್ಟೆ.