ಹಿತ್ತಾಳೆ ಲಾಕಿನ ಸಪ್ಪಳ

ಸಿಂಧನೂರು ಬಸ್‌ಸ್ಟ್ಯಾಂಡಿನ ಪಕ್ಕ ನನ್ನದು ಬ್ಯಾಗು ರಿಪೇರಿ ಅಂಗಡಿ. ಅಂಗಡಿಯೆಂದರೆ ಒಂದು ಹೊಲಿಗೆ ಮಷೀನು, ಒಂದು ಛತ್ರಿ, ಮತ್ತೆ ಕಂಡವರ ದನಿಯನ್ನೆಲ್ಲ ಅಣಕಿಸುವ ನನ್ನ ಬಾಯಿ. ಬಿಡುವಿಲ್ಲದೆ ಓಡುವುದು ಬಾಯಿಯೊಂದೇ.

ಮಸ್ಕಿಯ ಟೀಚರೊಬ್ಬರು ಹಳೆಯ ವ್ಯಾನಿಟಿ ಬ್ಯಾಗು ತಂದಿದ್ದರು. ಫಾರಿನ್ ಕಂಪನಿಯದು, ಚರ್ಮದ ಮೇಲಿನ ಬಂಗಾರದ ಅಕ್ಷರ ಅರ್ಧ ಅಳಿಸಿತ್ತು. ನರ್ಸಾಗಿದ್ದ ಅವರ ತಾಯಿಗೆ ಹೈದರಾಬಾದಿನ ಡಾಕ್ಟರಮ್ಮ ಕೊಟ್ಟದ್ದಂತೆ.

“ನಿಜಾಮರ ಬೇಗಂದೇನ್ರೀ ಟೀಚರ್?” ಎಂದು ಕಿಚಾಯಿಸಿದ್ದೆ.

ಹೊಲಿಗೆ ಬಿಚ್ಚಿತ್ತು, ಅಷ್ಟೇ. ಹೊಲಿದು ಸುಮ್ಮನಿರಬೇಕಿತ್ತು. ಜಾಣತನ ತೋರಿಸಲು ಹೋಗಿ ಹಿತ್ತಾಳೆ ಲಾಕು ಕಿತ್ತು ಹೊಸ ಮ್ಯಾಗ್ನೆಟ್ ಹಾಕಿದೆ. ಒಬ್ಬರ ಬ್ಯಾಗಿನಿಂದ ಕಿತ್ತದ್ದು ಡಬ್ಬಿಗೆ, ಡಬ್ಬಿಯಿಂದ ಇನ್ನೊಬ್ಬರ ಬ್ಯಾಗಿಗೆ: ನಮ್ಮ ಕಸುಬು ನಡೆಯುವುದೇ ಹಾಗೆ. ಎರಡೇ ದಿನಕ್ಕೆ ಆ ಲಾಕು ಲಿಂಗಸುಗೂರಿನ ಟೇಲರಮ್ಮನ ಚೀಲ ಸೇರಿತ್ತು.

ಟೀಚರು ಬಂದು ಬ್ಯಾಗು ಮುಚ್ಚಿದರು. ಸಪ್ಪಳವಿಲ್ಲ. ತೆರೆದು ಮತ್ತೆ ಮುಚ್ಚಿದರು.

“ಟಕ್ ಅನ್ನೋದು ಎಲ್ಲಿ ಹೋತೋ ತಮ್ಮಾ?”

ನಾಲಿಗೆಯಿಂದ ಟಕ್ ಎನ್ನಿಸಿದೆ. “ಇಲ್ಲೇ ಐತಲ್ರೀ!”

ಅವರು ನಗಲಿಲ್ಲ. “ನಮ್ಮವ್ವ ಡ್ಯೂಟಿ ಮುಗಿಸಿ ಬಂದಾಳ ಅಂತ ಆ ಸಪ್ಪಳಕ್ಕ ಗೊತ್ತಾಗ್ತಿತ್ತು. ನಾವು ಬಿಸ್ಕೀಟಿಗೆ ಓಡ್ತಿದ್ವಿ. ಆಕಿ ಹೋದಮ್ಯಾಲೆ ಅದೊಂದೇ ಉಳದಿತ್ತು.”

ಮರುದಿನ ಬಸ್ಸಿನಲ್ಲಿ ನಿಂತೇ ಲಿಂಗಸುಗೂರಿಗೆ ಹೋದೆ. ಬಿಸಿಲಿಗೆ ತಲೆ ಸಿಡಿಯುತ್ತಿತ್ತು. ಲಾಕು ವಾಪಸು ಬೇಕೆಂದದ್ದೇ ಟೇಲರಮ್ಮ ಚೀಲವನ್ನು ಎದೆಗೊತ್ತಿಕೊಂಡಳು.

“ಕೊಟ್ಟಿದ್ದು ಕಸ್ಗೋಳಾಕ ಬಂದೀಯೇನ್ಲೇ? ಇಂಥಾದ್ದು ಈಗ ಎಲ್ಲಿ ಸಿಗತೈತಿ?”

ಬೇರೆ ದಿನವಾಗಿದ್ದರೆ ಟೀಚರ ದನಿಯಲ್ಲೇ ಅತ್ತು ತೋರಿಸುತ್ತಿದ್ದೆ. ಅಂದು ಸಾಕಾಗಿತ್ತು. ನನ್ನ ದನಿಯಲ್ಲೇ ಇದ್ದದ್ದು ಹೇಳಿದೆ. ಆ ದನಿಯ ಪರಿಚಯ ನನಗೇ ಅಷ್ಟಕ್ಕಷ್ಟೆ. ಅವಳು ಮಷೀನು ನಿಲ್ಲಿಸಿದಳು. ಎರಡು ಸಲ ಟಕ್, ಟಕ್ ಅನ್ನಿಸಿ ಚೀಲ ನನ್ನತ್ತ ತಳ್ಳಿದಳು.

“ಕಿತ್ಗೋ. ನಾ ಗುಂಡಿ ಹಚ್ಕೋತೀನಿ.”

ವಾಪಸು ಬರುವಾಗ ಮಸ್ಕಿಯಲ್ಲಿಳಿದು, ಟೀಚರ ಮನೆಯ ಕಟ್ಟೆಯ ಮೇಲೆ ಕೂತು ಲಾಕು ಕೂಡಿಸಿದೆ. ಅವರು ಮುಚ್ಚಿ ನೋಡಿದರು. ಟಕ್.

“ಸ್ವಲ್ಪ ಸಣ್ಣಗಾಗೇತಿ.”

“ಕೀಳುವಾಗ ನಾನೇ ಬಗ್ಗಿಸೀನ್ರೀ.”

ಅವರು ಕಣ್ಣು ಮುಚ್ಚಿ ಇನ್ನೊಮ್ಮೆ ಟಕ್ ಅನ್ನಿಸಿದರು. ಒಳಕೋಣೆಯಲ್ಲಿ ಮಲಗಿದ್ದ ಅವರ ತಮ್ಮ, ನಲವತ್ತು ದಾಟಿದ ಮನುಷ್ಯ, ನಿದ್ದೆಗಣ್ಣಲ್ಲೇ ಕೂಗಿದ: “ಯವ್ವಾ, ಬಿಸ್ಕೀಟ್ ತಂದೀಯೇನು?”

ಅಣಕಿಸಲು ಅಂಥ ದನಿ ನನಗೆ ಮತ್ತೆ ಸಿಕ್ಕಿಲ್ಲ. ಟೀಚರ ಮುಖ ನೋಡಿ ಸುಮ್ಮನೆ ಚಪ್ಪಲಿ ಮೆಟ್ಟಿದೆ. ಸಿಂಧನೂರಿನ ಬಸ್ಸಿನಲ್ಲಿ ಕೊನೆಗೂ ಸೀಟು ಸಿಕ್ಕಿತು.